ಎಡ ಹೆಗಲ ಟವೆಲ್

ಜುಲೈ 8

ಮಗಳೇ,

ನೀನು ಬಸ್ಸು ಹತ್ತಿದ ಮೇಲೆ ಈ ಮನೆಯಲ್ಲಿ ನನ್ನ ಬೈಗುಳ ಕೇಳುವವರೇ ಇಲ್ಲದಂತಾಗಿದೆ. ನಿಮ್ಮಮ್ಮನನ್ನು ಗದರಿದರೆ ಆಕೆ ಹೊಲಿಗೆ ಮಿಷನ್ನನ್ನು ಇನ್ನೂ ಜೋರಾಗಿ ತುಳಿಯುತ್ತಾಳೆ. ಆ ಶಬ್ದವೂ ನನಗೆ ನೆಟ್ಟಗೆ ಕೇಳುವುದಿಲ್ಲ ಎಂಬ ಗುಟ್ಟನ್ನು ನಾನು ಬಿಟ್ಟುಕೊಟ್ಟಿಲ್ಲ.

ಮೊನ್ನೆ ನೀನು ಫೋನ್ ಮಾಡಿದಾಗ ನನ್ನ ಕಿವಿಗೆ ಬಿದ್ದದ್ದು ಎರಡು 'ಹೂಂ' ಮತ್ತು ಒಂದು ಕೆಮ್ಮು. ಕೆಮ್ಮಿಗೆ ಔಷಧಿ ತೆಗೆದುಕೊಂಡೆಯಾ? ಜೀವಮಾನವಿಡೀ ಆಟದ ಹಾಲ್‌ನೊಳಗೆ ಸೀಟಿ ಊದಿದವರಿಗೆ ಕಿವಿ ಹೀಗಾಗುವುದು ಇದ್ದದ್ದೇ ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಹೆಬ್ಬೆರಳು ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದವೂ ಬೀಳುತ್ತವೆ. ಹಾಗಾಗಿ ಇನ್ನು ಮೇಲೆ ಕಾಗದವೇ ಸೈ.

ಈಗ ಕೆಲಸದ ಮಾತು. ನೀನು ಕೋಚ್ ಆಗಿ ಸೇರಿದ ಆ ಹೆಣ್ಣುಮಕ್ಕಳ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣ ಸಿಮೆಂಟಿನದೋ ಮರದ್ದೋ? ರಿಂಗಿಗೆ ಬಲೆ ಇದೆಯೋ ಇಲ್ಲವೋ? ತಂಡ ಕಟ್ಟುವಾಗ ಎತ್ತರದವಳು ಯಾರೆಂದು ಮೊದಲು ನೋಡಬೇಡ. ಚೆಂಡು ಕೈಜಾರಿ ಹೊರಗೆ ಉರುಳಿದಾಗ ಅದರ ಹಿಂದೆ ಓಡುವವಳು ಯಾರು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವಳು ಯಾರು, ಅದನ್ನು ನೋಡು. ಮೊದಲ ವಾರ ಚೆಂಡೇ ಕೊಡಬೇಡ, ಓಡಿಸು. ಶಾಪ ಹಾಕುತ್ತಾರೆ, ಹಾಕಲಿ. ನನಗೆ ಬಿದ್ದ ಶಾಪವೆಲ್ಲ ಹತ್ತಿದ್ದರೆ ನಾನು ನಿವೃತ್ತಿಯವರೆಗೆ ಬದುಕುತ್ತಲೇ ಇರಲಿಲ್ಲ.

ನನ್ನ ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದ ಹುಡುಗ ಲ್ಯಾಪ್‌ಟಾಪ್ ಹಿಡಿದು ಬೆಂಚಿನಲ್ಲಿ ಕೂರುತ್ತಾನಂತೆ. ನಾನು ಒಂದು ಟವೆಲ್ ಹಿಡಿದು ಕೂತು ಎಷ್ಟು ಹುಡುಗರನ್ನು ಆಡಿಸಿದೆ. ಇರಲಿ, ಕಾಲ ಅವನದು.

ಕೈಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ ಇರುವ
ಅಪ್ಪ

ತಾ.ಕ.: ಇವರು ದಿನಾ ಸಂಜೆ ಶೂ ಹಾಕಿಕೊಂಡು ಬಾಗಿಲ ಬಳಿ ಕೂರುತ್ತಾರೆ. ಎಲ್ಲಿಗೆ ಹೊರಟಿರಿ ಎಂದರೆ ಎಲ್ಲಿಗೂ ಇಲ್ಲ ಎನ್ನುತ್ತಾರೆ. ನಿನ್ನ ಹುಡುಗಿಯರ ಅಳತೆ ಕಳಿಸು, ಜರ್ಸಿ ನಾನೇ ಹೊಲಿಯುತ್ತೇನೆ. ಮಿಷನ್ನಿನ ಶಬ್ದ ಕೇಳುವುದಿಲ್ಲ ಎಂಬುದು ನನಗೆ ಯಾವಾಗಲೋ ಗೊತ್ತು. — ಅಮ್ಮ


ಜುಲೈ 27

ಅಪ್ಪ,

ಕೆಮ್ಮು ಹೋಯಿತು. ನನ್ನ ಕೋಣೆ ಒಂದು ಮುದ್ರಣಾಲಯದ ಮೇಲಿದೆ. ಕೆಳಗೆ ಯಂತ್ರ ಶುರುವಾದರೆ ನೀರಿನ ಲೋಟ ಮೇಜಿನ ಮೇಲೆ ತಾನೇ ನಡೆದುಕೊಂಡು ಅಂಚಿಗೆ ಬರುತ್ತದೆ. ಅಭ್ಯಾಸವಾಗಿದೆ.

ಅಂಕಣ ಸಿಮೆಂಟಿನದು. ಫ್ರೀ ಥ್ರೋ ಗೆರೆಯ ಉದ್ದಕ್ಕೂ ಬಿರುಕು ಬಿಟ್ಟಿದೆ, ಚೆಂಡು ಅದರ ಮೇಲೆ ಬಿದ್ದರೆ ಎತ್ತ ಹಾರುತ್ತದೆಂದು ಹೇಳಲಾಗದು. ಬಲೆ ಒಂದೇ ರಿಂಗಿಗೆ ಇದೆ. ಹುಡುಗಿಯರು ಒಳ್ಳೆಯವರು. ಒಬ್ಬಳು ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ, ಅವಳನ್ನು ಎಲ್ಲರೂ ಏಣಿ ಎನ್ನುತ್ತಾರೆ. ಚೆಂಡು ನಡೆಸುವವಳು ಗುಬ್ಬಿ. ನನ್ನ ಭುಜದಷ್ಟೂ ಇಲ್ಲ, ಆದರೆ ಚೆಂಡು ಹೊರಗೆ ಉರುಳಿದರೆ ಹಾಸ್ಟೆಲ್ ಅಡುಗೆಮನೆಯವರೆಗೂ ಹಿಂದೆ ಹೋಗುತ್ತಾಳೆ. ನೀವು ಹೇಳಿದ ಪರೀಕ್ಷೆಯಲ್ಲಿ ಅವಳೇ ಮೊದಲು.

ಗದ್ದಲದಲ್ಲಿ ನನ್ನ ಕೂಗು ಯಾರಿಗೂ ಕೇಳುವುದಿಲ್ಲವಾದ್ದರಿಂದ ನಿಮ್ಮ ಟವೆಲ್ ಸನ್ನೆಗಳನ್ನೇ ಕಲಿಸಿದೆ. ಟವೆಲ್ ಬಲ ಹೆಗಲಿಗೆ ಬಂದರೆ ಒಬ್ಬೊಬ್ಬಳೂ ತನ್ನ ಎದುರಾಳಿಯ ಬೆನ್ನು ಬಿಡಬಾರದು. ಎಡ ಹೆಗಲಿಗೆ ಬಂದರೆ ಎದುರಾಳಿಯನ್ನು ಬಿಟ್ಟು ಹಿಂದೆ ಸರಿದು ರಿಂಗಿನ ಮುಂದೆ ಜಾಗ ಕಾಯಬೇಕು. ತೊಡೆಯ ಮೇಲಿದ್ದರೆ ಅವರಿಗೆ ತೋಚಿದ ಹಾಗೆ ಆಡಬಹುದು. ನನಗೆ ಬೇರೆ ಸನ್ನೆ ಗೊತ್ತೂ ಇಲ್ಲ. ಚಿಕ್ಕವಳಿದ್ದಾಗ ಮನೆಗೆ ನೆಂಟರು ಬಂದು ನಾನು ಕುಣಿದಾಡುತ್ತಿದ್ದರೆ ಅಮ್ಮನೂ ಟವೆಲ್ಲನ್ನು ಎಡ ಹೆಗಲಿಗೆ ಹಾಕಿಕೊಂಡು ನೋಡುತ್ತಿದ್ದಳಲ್ಲ, ನಾನು ತೆಪ್ಪಗೆ ಹಿಂದೆ ಸರಿಯುತ್ತಿದ್ದೆ.

ಒಂದು ವಿಷಯ ಹೇಳಬೇಕು. ನೇಮಕ ಈ ಒಂದು ವರ್ಷಕ್ಕೆ ಮಾತ್ರ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ತಂಡ ಸೆಮಿಫೈನಲ್ ಮುಟ್ಟಿದರೆ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಕೋಚ್ ಹುದ್ದೆಯನ್ನೇ ತೆಗೆಯುತ್ತಾರೆ. ಪ್ರಿನ್ಸಿಪಾಲ್ ಮೇಡಂ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅದು ನ್ಯಾಯವೇ, ಅದಕ್ಕೆ ಬೇಸರವಿಲ್ಲ. ಬೇಸರ ಬೇರೆಯದು. ಸಂದರ್ಶನದಲ್ಲಿ ಕೂತಿದ್ದವರೊಬ್ಬರು ನನ್ನ ಅರ್ಜಿ ತೆರೆಯಲೇ ಇಲ್ಲ. "ಅವರ ಮಗಳಲ್ವಾ, ಇನ್ನೇನ್ ಕೇಳೋದಿದೆ" ಅಂದುಬಿಟ್ಟರು. ನಾನು ಕಾಲೇಜು ತಂಡಕ್ಕೆ ಆಡಿದ್ದು, ತರಬೇತಿ ಮುಗಿಸಿದ್ದು, ಯಾವುದೂ ಅವರಿಗೆ ಬೇಕಾಗಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಈ ವರ್ಷ ನನ್ನ ಪಂದ್ಯಕ್ಕೆ ಬರಬೇಡಿ. ನನ್ನ ಕೈಯಲ್ಲಿ ಏನಾಗುತ್ತದೆ ಎಂದು ಒಮ್ಮೆ ನೋಡಿಬಿಡುತ್ತೇನೆ. ಸಿಟ್ಟಾಗಬೇಡಿ.

ನಿಮ್ಮ
ಮಗಳು


ಆಗಸ್ಟ್ 6

ಮಗಳೇ,

ಸಿಟ್ಟೇನಿಲ್ಲ. ಬರುವುದಿಲ್ಲ. ಇಲ್ಲಿ ನನಗೂ ಕೈತುಂಬ ಕೆಲಸವಿದೆ.

ಬಿರುಕಿನ ಮೇಲೆ ಸಿಮೆಂಟು ಮೆತ್ತಿಸು, ಪಾದ ಹೊರಳೀತು.

ಅಪ್ಪ

ತಾ.ಕ.: ಕೈತುಂಬ ಕೆಲಸ ಏನೆಂದರೆ ಬೀರು ತೆಗೆದು ಹಳೆಯ ಸೀಟಿಗಳನ್ನು ಸಾಲಾಗಿ ಜೋಡಿಸುವುದು, ಮತ್ತೆ ಒಳಗಿಡುವುದು. ಮುಖ ಊದಿಸಿಕೊಂಡಿದ್ದಾರೆ, ಊಟ ಮಾತ್ರ ಬಿಟ್ಟಿಲ್ಲ. ನೀನು ಕೇಳಿದ್ದು ಸರಿಯಾಗಿಯೇ ಇದೆ. ತಲೆ ಕೆಡಿಸಿಕೊಳ್ಳಬೇಡ. ಏಣಿಯ ಅಳತೆ ತಪ್ಪಾಗಿ ಬರೆದಿಲ್ಲ ತಾನೇ? ಅದು ಜರ್ಸಿಯೋ ಕಿಟಕಿ ಪರದೆಯೋ ಎಂದು ಅನುಮಾನ ಬಂತು. — ಅಮ್ಮ


ನವೆಂಬರ್ 11

ಅಪ್ಪ,

ಲೀಗ್ ಹಂತ ದಾಟಿದೆವು. ಒಂದು ಪಂದ್ಯ ಸೋತೆವು, ಉಳಿದವನ್ನು ಗೆದ್ದೆವು. ಏಣಿಗೆ ಈಗ ಚೆಂಡು ಬಂದರೆ ಕಣ್ಣು ಮುಚ್ಚುವ ಚಟ ಬಿಟ್ಟಿದೆ. ಅಮ್ಮನ ಜರ್ಸಿ ನೋಡಿ ಎದುರು ತಂಡದವರು ಹೊಲಿಸಿದ್ದು ಎಲ್ಲಿ ಎಂದು ಕೇಳಿದರು. ಹೇಳಲಿಲ್ಲ.

ಕ್ವಾರ್ಟರ್ ಫೈನಲ್ ಎಲ್ಲಿ ಗೊತ್ತೇ? ನಿಮ್ಮ ಕಾಲೇಜಿನ ಇನ್‌ಡೋರ್ ಹಾಲಿನಲ್ಲಿ. ಆ ಹೆಸರು ಓದಿ ನನಗೆ ನಗು ಬಂತು. ನಮ್ಮ ಮನೆಯಿಂದ ಕೂಗಿದರೆ ಕೇಳುವ ದೂರದಲ್ಲಿ ಪಂದ್ಯ ಇಟ್ಟುಕೊಂಡು ನೀವು ಬರಬೇಡಿ ಎಂದರೆ ನನ್ನಂಥ ಕಲ್ಲು ಮನಸ್ಸಿನವಳು ಇನ್ನೊಬ್ಬಳಿರಲಾರಳು. ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಮಧ್ಯಾಹ್ನ ತಂಡವನ್ನು ಮನೆಗೆ ಊಟಕ್ಕೆ ಕರೆತರುತ್ತೇನೆ, ಹುಡುಗಿಯರು ನಿಮ್ಮನ್ನು ನೋಡಬೇಕಂತೆ.

ಒಂದೇ ಷರತ್ತು. ಆಟ ನಡೆಯುವಾಗ ಬಾಯಿ ಬಿಚ್ಚಬಾರದು. ನನ್ನ ಬೆಂಚಿನ ಹಿಂದೆ ಕೂರಲೂಬಾರದು. ಎದುರಿನ ಮೇಲಿನ ಸಾಲಿನಲ್ಲಿ ಕೂತುಕೊಳ್ಳಿ.

ಈ ಪಂದ್ಯ ಗೆದ್ದರೆ ಸೆಮಿಫೈನಲ್. ಅಲ್ಲಿಗೆ ನನ್ನ ಕೆಲಸ ಉಳಿಯಿತು.

ಮಗಳು


ನವೆಂಬರ್ 17

ಮಗಳೇ,

ಬಾಯಿಗೆ ಬೀಗ ಹಾಕಿ ಕೀಲಿಯನ್ನು ನಿಮ್ಮಮ್ಮನ ಕೈಗೆ ಕೊಟ್ಟು ಬರುತ್ತೇನೆ. ಮೇಲಿನ ಸಾಲು ಎಂದರೆ ಮೇಲಿನ ಸಾಲೇ. ನನ್ನ ಮಾತು ಮಾತೇ.

ಆ ಹಾಲಿನಲ್ಲಿ ಸಂಜೆ ಹೊತ್ತು ಇಳಿದಂತೆ ಪಶ್ಚಿಮದ ಕಿಟಕಿಯ ಬಿಸಿಲು ಆ ಬದಿಯ ರಿಂಗಿಗೆ ಗುರಿಯಿಡುವವರ ಕಣ್ಣಿಗೆ ನೇರ ಬಡಿಯುತ್ತದೆ. ಮೊದಲ ಅರ್ಧ ಆ ಕಡೆಯ ರಿಂಗಿಗೆ ಗುರಿಯಿಡುವಂತೆ ನೋಡಿಕೋ. ಇದು ಪಂದ್ಯಕ್ಕೆ ಮುಂಚೆಯೇ ಹೇಳಿದ್ದು, ಷರತ್ತು ಮುರಿದ ಹಾಗಲ್ಲ.

ಶೂ ಒರೆಸಿಟ್ಟು ಕಾದಿರುವ
ಅಪ್ಪ


ಡಿಸೆಂಬರ್ 2

ಮಗಳೇ,

ನೀನು ಹೊರಟಾಗ ನನ್ನ ಮುಖ ನೋಡಲಿಲ್ಲ. ನಾನೂ ನಿನ್ನ ಮುಖ ನೋಡಲಿಲ್ಲ. ನೀನು ಬೆಂಚಿನಿಂದ ನೋಡಿದ್ದು ಬೇರೆ. ಮೇಲಿನಿಂದ ನಾನು ನೋಡಿದ್ದನ್ನು ಬರೆಯುತ್ತೇನೆ.

ಕೊಟ್ಟ ಮಾತಿನಂತೆ ಬಾಯಿ ತೆರೆಯಲಿಲ್ಲ. ನಿಮ್ಮಮ್ಮನನ್ನು ಕೇಳು. ಏಣಿ ಎರಡು ಸುಲಭದ ಚೆಂಡು ಬಿಟ್ಟಾಗಲೂ ತುಟಿ ಕಚ್ಚಿಕೊಂಡೆ. ಕೊನೆಯ ನಿಮಿಷದ ಹೊತ್ತಿಗೆ ನೀವು ಒಂದು ಪಾಯಿಂಟು ಮುಂದಿದ್ದಿರಿ, ಚೆಂಡು ಅವರ ಕೈಯಲ್ಲಿತ್ತು. ನಿನ್ನ ಟವೆಲ್ ಬಲ ಹೆಗಲ ಮೇಲಿತ್ತು. ಸರಿಯಾಗಿಯೇ ಇತ್ತು, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇನ್ನೇನು ಮುಗಿಯಿತು ಎಂದುಕೊಂಡೆ. ಹಾಲಿನಲ್ಲಿ ಸೆಕೆ, ಕಿವಿಯ ಹಿಂದೆ ಬೆವರು. ನನ್ನ ಬಲ ಹೆಗಲ ಮೇಲಿದ್ದ ಟವೆಲ್ಲನ್ನು ಎಳೆದು ಕತ್ತು ಒರೆಸಿಕೊಂಡೆ. ಒರೆಸಿಕೊಂಡು ಎಡ ಹೆಗಲಿಗೆ ಹಾಕಿಕೊಂಡೆ. ಅಷ್ಟೇ ನಾನು ಮಾಡಿದ್ದು.

ನೋಡುತ್ತೇನೆ, ಗುಬ್ಬಿ ಕೈಯೆತ್ತಿ ಏನೋ ಕೂಗಿ ಹಿಂದಕ್ಕೆ ಓಡಿದಳು. ಏಣಿಯೂ ಓಡಿದಳು. ಉಳಿದವರು ನಿನ್ನ ಟವೆಲ್ ನೋಡಿಕೊಂಡು ತಮ್ಮ ತಮ್ಮ ಎದುರಾಳಿಯನ್ನೇ ಹಿಡಿದಿದ್ದರು. ತಂಡ ಎರಡು ಹೋಳಾಯಿತು. ಗುಬ್ಬಿ ಕಾಯಬೇಕಿದ್ದ ಹುಡುಗಿ ಒಬ್ಬಳೇ ನಿಂತಿದ್ದಳು, ಸಾವಧಾನವಾಗಿ ಗುರಿಯಿಟ್ಟು ಹಾಕಿದಳು, ಅಲ್ಲಿಗೆ ಆಟ ಮುಗಿಯಿತು. ಇದೇನು ಹುಚ್ಚಾಟ ಎಂದು ನಿಮ್ಮಮ್ಮನ ಕಡೆ ತಿರುಗಿದರೆ ಆಕೆ ಆಟ ನೋಡುತ್ತಿರಲಿಲ್ಲ, ನನ್ನ ಹೆಗಲು ನೋಡುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಬಂದಾಗ ಗುಬ್ಬಿ ಟವೆಲ್ ಸನ್ನೆ ಶುರುವಾದದ್ದು ಹೇಗೆ ಎಂದು ಕೇಳಿದ್ದಳು. ನಾನು ಉಬ್ಬಿಹೋಗಿ ಎದ್ದು ನಿಂತು ಎಲ್ಲ ಮಾಡಿ ತೋರಿಸಿದ್ದೆ. ತೋರಿಸದೆ ಸುಮ್ಮನೆ ಊಟ ಬಡಿಸಿದ್ದರೆ ನಿನ್ನ ಕೆಲಸ ಉಳಿಯುತ್ತಿತ್ತು.

ನಿಮ್ಮ ಪ್ರಿನ್ಸಿಪಾಲರಿಗೆ ನಾನೇ ಬರೆಯುತ್ತೇನೆ. ಸೋಲಿಸಿದ್ದು ನಾನು, ಮಗಳಲ್ಲ ಎಂದು. ವಿಳಾಸ ಕಳಿಸು.

ಅಪ್ಪ


ಡಿಸೆಂಬರ್ 21

ಮಗಳೇ,

ವಿಳಾಸ ಕಳಿಸಲಿಲ್ಲ. ಕಾಗದವೂ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ಸೈಕಲ್ಲಿನಿಂದಲೇ ತಲೆ ಆಡಿಸಿ ಹೋಗುತ್ತಾನೆ. ಫೋನು ಮಾಡಿದರೆ ನನಗೆ ಕೇಳುವುದಿಲ್ಲ ಎಂಬುದು ನಿನಗೆ ಅನುಕೂಲವಾಗಿದೆ.

ಬೈಯುವುದಾದರೆ ಬೈದುಬಿಡು. ಇಷ್ಟು ವರ್ಷ ನಾನು ಬೈದಿದ್ದೇನೆ, ಲೆಕ್ಕ ಚುಕ್ತಾ ಆಗಲಿ.

ಅಪ್ಪ

ತಾ.ಕ.: ಇವರಿಗೆ ಹೇಳಿದ್ದೇನೆ, ಅವಳಿಗೆ ಸ್ವಲ್ಪ ಉಸಿರಾಡಲು ಬಿಡಿ ಎಂದು. ನೀನು ನನಗೆ ಫೋನಿನಲ್ಲಿ ಹೇಳಿದ್ದನ್ನು ಇವರಿಗೆ ಹೇಳಿಲ್ಲ. ಅದನ್ನು ನೀನೇ ಬರೆಯಬೇಕು, ಕಂದಾ. — ಅಮ್ಮ


ಜನವರಿ 9

ಅಪ್ಪ,

ಬೈಯಲು ಇಷ್ಟು ದಿನ ಬೇಕಿರಲಿಲ್ಲ. ಬೈಯುವಂಥದ್ದು ಏನೂ ಇರಲಿಲ್ಲವಾದ್ದರಿಂದಲೇ ತಡವಾಯಿತು.

ಪಂದ್ಯ ಮುಗಿದ ಮೇಲೆ ಗುಬ್ಬಿ ನೀರಿನ ಕೊಳಾಯಿ ಹತ್ತಿರ ಅಳುತ್ತಾ ನಿಂತಿದ್ದಳು. ನಾನು ಏನೂ ಕೇಳಲಿಲ್ಲ, ಅವಳೇ ಹೇಳಿದಳು. "ಮೇಡಂ, ಸರ್ ಟವೆಲ್ ಎಡಕ್ಕೆ ಹಾಕ್ಕೊಂಡ್ರು. ಅವರಿಗೆ ಏನೋ ಕಾಣ್ಸಿದೆ, ನಿಮಗೆ ಕಾಣ್ಸಿಲ್ಲ ಅನ್ಕೊಂಡೆ."

ಅವಳನ್ನು ಗದರುವ ಹಕ್ಕು ನನಗೆಲ್ಲಿತ್ತು? ಅಪ್ಪ, ನೀವು ಮೇಲಿನಿಂದ ನೋಡದ ಒಂದು ಸಂಗತಿ ಇದೆ. ನೀವು ಟವೆಲ್ ಎಡಕ್ಕೆ ಹಾಕಿಕೊಂಡಾಗ ಗುಬ್ಬಿಗಿಂತ ಮೊದಲು ಅದನ್ನು ನೋಡಿದ್ದು ನಾನು. ನನ್ನ ಕೈ ಆಗಲೇ ನನ್ನ ಟವೆಲ್ಲಿನ ಮೇಲಿತ್ತು. ಎಡಕ್ಕೆ ಹಾಕಿಕೊಳ್ಳಲು ಹೊರಟಿದ್ದೆ. ಎಲ್ಲ ಸರಿಯಾಗಿ ನಡೆಯುತ್ತಿದ್ದಾಗಲೂ ಕಣ್ಣು ಹಾಲಿನ ಆ ಬದಿಗೆ ಏಕೆ ಹೋಯಿತು? ಆಟದ ಉದ್ದಕ್ಕೂ ಹೋಗುತ್ತಲೇ ಇತ್ತು. ಬರಬೇಡಿ ಎಂದು ಕಾಗದ ಬರೆದವಳೂ ನಾನೇ, ನೀವು ಬಂದ ಮೇಲೆ ನಿಮ್ಮ ಹೆಗಲು ನೋಡುತ್ತಾ ಕೂತವಳೂ ನಾನೇ. ನನಗೆ ಸಿಟ್ಟು ಬಂದದ್ದು ನನ್ನ ಈ ಕೈಯ ಮೇಲೆ. ಅದನ್ನು ನಿಮಗೆ ಬರೆಯಲು ನಾಚಿಕೆಯಾಯಿತು.

ಪ್ರಿನ್ಸಿಪಾಲ್ ಮೇಡಂ ಬಳಿ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ಅವರು ರಸಾಯನಶಾಸ್ತ್ರದವರು. ಕನ್ನಡಕ ತೆಗೆದು ಒರೆಸಿ, ಬೇರೆಯವರ ಬಾಟಲಿಯನ್ನು ತಂದು ಚೀಟಿ ಬದಲಿಸದೆ ಬಳಸಿದರೆ ಪ್ರಯೋಗಶಾಲೆಯಲ್ಲೂ ಹೀಗೇ ಆಗುವುದು ಎಂದರು. ಸರಿ, ಪೆಟ್ಟಿಗೆ ಕಟ್ಟುವುದೇ ಎಂದುಕೊಂಡು ಎದ್ದೆ. ಆಗ ಇನ್ನೊಂದು ಮಾತು ಹೇಳಿದರು. ಹಿಂದಿನ ದಿನ ಹುಡುಗಿಯರೆಲ್ಲ ನನಗೆ ಗೊತ್ತಿಲ್ಲದ ಹಾಗೆ ಅವರ ಕೋಣೆಗೆ ನುಗ್ಗಿದ್ದರಂತೆ. ಮೊದಲು ನುಗ್ಗಿದವಳು ಏಣಿ, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡೇ ನುಗ್ಗಿದಳಂತೆ. "ಸೋತ ತಂಡ ಕೋಚ್ ಬೇಕು ಅಂತ ಕೇಳ್ಕೊಂಡು ಬಂದಿದ್ದು ಇದೇ ಮೊದಲು. ಇನ್ನೊಂದು ವರ್ಷ ಇರಿ. ಆದ್ರೆ ಆ ಟವೆಲ್ ಬೇಡ," ಎಂದರು ಮೇಡಂ.

ಹಾಗಾಗಿ ಕೆಲಸ ಇದೆ. ಟವೆಲ್ ಇಲ್ಲ. ಅದನ್ನು ಈಗ ಅಂಕಣದ ನೀರು ಒರೆಸಲು ಇಟ್ಟಿದ್ದೇವೆ. ನಾನೂ ಹುಡುಗಿಯರೂ ದಿನಾ ಅಭ್ಯಾಸದ ಮೇಲೆ ಬಿರುಕಿನ ಪಕ್ಕ ಕೂತು ಹೊಸ ಸನ್ನೆ ಕಟ್ಟುತ್ತಿದ್ದೇವೆ. ಅರ್ಧಕ್ಕರ್ಧ ಜಗಳವೇ. ಗುಬ್ಬಿ ನನಗೆ ಎದುರು ಮಾತಾಡುತ್ತಾಳೆ, ಅದು ಸರಿಯಲ್ಲ ಇದು ಸರಿ ಎನ್ನುತ್ತಾಳೆ. ನನಗೆ ಅದು ತುಂಬ ಇಷ್ಟವಾಗಿದೆ.

ನೀವು ಯಾರಿಗೂ ಏನೂ ಬರೆಯಬೇಕಿಲ್ಲ. ನನಗೆ ಮಾತ್ರ ಬರೆಯಿರಿ.

ನಿಮ್ಮ
ಮಗಳು


ಜನವರಿ 15

ಮಗಳೇ,

ನಿನ್ನ ಕಾಗದ ಓದಿ ಹೊಟ್ಟೆ ತಣ್ಣಗಾಯಿತು. ಮತ್ತೊಮ್ಮೆ ಓದಿದೆ, ಸ್ವಲ್ಪ ಉರಿಯಿತು. ಮೂರನೆಯ ಸಲ ಓದುವಾಗ ನಿಮ್ಮಮ್ಮ ಕಿತ್ತುಕೊಂಡಳು.

ಹೊಸ ಸನ್ನೆ ಏನೇನು? ಒಂದೆರಡು ಬರೆದು ಕಳಿಸು. ಸುಮ್ಮನೆ ನೋಡುತ್ತೇನೆ ಅಷ್ಟೇ, ತಿದ್ದುವುದಿಲ್ಲ.

ಅಪ್ಪ


ಜನವರಿ 23

ಅಪ್ಪ,

ಕಳಿಸುವುದಿಲ್ಲ.

ತುಂಬು ಪ್ರೀತಿಯ
ಮಗಳು


ಸೆಪ್ಟೆಂಬರ್ 3

ಅಪ್ಪ,

ಶನಿವಾರ ಸಂಜೆ ನಮ್ಮ ಅಂಕಣದಲ್ಲೇ ಈ ಋತುವಿನ ಮೊದಲ ಪಂದ್ಯ. ಹೋದ ಸಲ ನಮ್ಮನ್ನು ಸೋಲಿಸಿದ ತಂಡವೇ. ನೀವಿಬ್ಬರೂ ಬನ್ನಿ. ಷರತ್ತು ಏನೂ ಇಲ್ಲ. ಎಲ್ಲಿ ಬೇಕಾದರೂ ಕೂರಿ, ಬಾಯಿತುಂಬ ಕೂಗಿ, ಟವೆಲ್ಲುಗಳ ಗಂಟನ್ನೇ ಹೊತ್ತು ತನ್ನಿ. ಈ ಸಲ ಯಾವುದೂ ನಮಗೆ ತಾಗದು.

ಬಿರುಕಿಗೆ ಸಿಮೆಂಟು ಮೆತ್ತಿಸಿದ್ದೇನೆ.

ಮಗಳು


ಸೆಪ್ಟೆಂಬರ್ 14

ಮಗಳೇ,

ಶನಿವಾರ ನಿನ್ನ ಜೊತೆ ಸರಿಯಾಗಿ ಮಾತಾಡಲಾಗಲಿಲ್ಲ. ನಿನ್ನ ಸುತ್ತ ಹುಡುಗಿಯರು ಮುತ್ತಿಕೊಂಡಿದ್ದರು, ಬಸ್ಸು ಬೇರೆ ಹೊರಟು ನಿಂತಿತ್ತು. ಗೆದ್ದಿರಿ ಎಂಬುದು ನಿನಗೇ ಗೊತ್ತಿದೆ, ಅದನ್ನು ಬರೆಯುವುದಿಲ್ಲ. ನನಗೆ ಏನಾಯಿತು ಎಂಬುದನ್ನು ಬರೆಯುತ್ತೇನೆ.

ಮೊದಲು ನಾನು ನಿನ್ನ ಸನ್ನೆ ಕದಿಯಲು ನೋಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಂದದ್ದೇ ಅದಕ್ಕೆ. ನೀನು ಬಗ್ಗಿ ಶೂ ದಾರ ಕಟ್ಟಿದೆ. ಸರಿ, ಈಗ ಎದುರಾಳಿಗಳ ಮೇಲೆ ಮುಗಿಬಿದ್ದು ಒತ್ತಿ ಆಡುತ್ತಾರೆ ಎಂದು ನಿಮ್ಮಮ್ಮನಿಗೆ ಹೇಳಿದೆ. ಯಾರೂ ಒತ್ತಲಿಲ್ಲ. ದಾರ ನಿಜವಾಗಿಯೂ ಬಿಚ್ಚಿತ್ತು. ಆಮೇಲೆ ನೀನು ನೀರಿನ ಬಾಟಲಿ ಎತ್ತಿ ಬೆಂಚಿನ ಕೊನೆಗೆ ಇಟ್ಟೆ. ಇದೇ ಎಂದುಕೊಂಡೆ. ಕೊನೆಯಲ್ಲಿ ಕೂತ ಹುಡುಗಿ ಎತ್ತಿ ಕುಡಿದಳು. ಗುಬ್ಬಿ ಒಮ್ಮೆ ತನ್ನ ಜಡೆ ಮುಟ್ಟಿಕೊಂಡಳು, ಇಡೀ ತಂಡ ಹಕ್ಕಿಗಳ ಹಾಗೆ ಒಟ್ಟಿಗೆ ತಿರುಗಿತು. ಅಂದರೆ ಸನ್ನೆ ಕೊಡುವವಳು ನೀನೋ ಅವಳೋ? ಅರ್ಧ ಆಟದ ಹೊತ್ತಿಗೆ ನನ್ನ ತಲೆ ಚಿಟ್ಟು ಹಿಡಿಯಿತು. ಹೋಗಲಿ ಅತ್ತ ಎಂದು ಕೈಚೆಲ್ಲಿ ಕೂತೆ.

ಕೂತ ಮೇಲೆ ಆಟ ಕಂಡಿತು. ಆಡುವಾಗಲೂ ಆಡಿಸುವಾಗಲೂ ಮುಂದಿನ ಹೆಜ್ಜೆ ಯಾವುದು ಎಂದು ಮೊದಲೇ ಗೊತ್ತಿದ್ದು ಗೊತ್ತಿದ್ದು, ಈಗ ನಡೆಯುತ್ತಿರುವುದನ್ನು ನಾನು ಯಾವತ್ತೂ ನೋಡಿರಲಿಲ್ಲ, ಮಗಳೇ. ಏಣಿ ಹಾರಿದಾಗ ಅವಳ ಶೂಗಳ ಕೆಳಗೆ ಬೆಳಕು ಕಂಡಿತು. ಚೆಂಡು ಯಾರಿಗೆ ಹೋಗುತ್ತದೆಂದು ತಿಳಿಯದೆ ನನ್ನ ಜೀವ ಬಾಯಿಗೆ ಬಂದಿತ್ತು. ಆಟ ನೋಡಲು ಬರುವ ಜನ ಇದಕ್ಕೇ ಬರುತ್ತಾರೆಂದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ಕೊನೆಯ ನಿಮಿಷದಲ್ಲಿ ಹೋದ ಸಲದ್ದೇ ಪರಿಸ್ಥಿತಿ. ನೀವು ಒಂದು ಪಾಯಿಂಟು ಮುಂದೆ, ಚೆಂಡು ಅವರ ಕೈಯಲ್ಲಿ. ನೀನು ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡುತ್ತೀಯೆಂದು ಕಾದೆ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ, ಎಲ್ಲಿ ಏನಾಗಿಬಿಡುತ್ತದೋ ಎಂದು. ನೀನು ನೋಡಲಿಲ್ಲ. ನಿನ್ನ ಕಣ್ಣು ಆ ಐದು ಹುಡುಗಿಯರನ್ನು ಬಿಟ್ಟು ಆಚೀಚೆ ಹೋಗಲಿಲ್ಲ. ತೊಡೆಯ ಕೆಳಗಿನಿಂದ ಕೈಗಳನ್ನು ಹೊರಗೆ ತೆಗೆದೆ. ಬೇಸರವಾಗಲಿಲ್ಲ, ಖುಷಿಯಾಯಿತು.

ಪಕ್ಕದಲ್ಲಿ ಕೂತಿದ್ದವರು ನನ್ನನ್ನು ಗುರುತು ಹಿಡಿದಿದ್ದರು. ಕಿವಿಯ ಹತ್ತಿರ ಬಾಯಿ ತಂದು, "ಸಾರ್, ಈಗ ಏನ್ ಮಾಡ್ತಾರೆ?" ಎಂದು ಕೂಗಿದರು.

"ನನಗೇನ್ರೀ ಗೊತ್ತು," ಅಂದೆ. "ಕೋಚನ್ನ ಕೇಳಿ."

ಆ ಸನ್ನೆಗಳ ಅರ್ಥ ನನಗೆ ಎಂದಿಗೂ ಹೇಳಬೇಡ. ಕೇಳಿಕೊಂಡರೂ ಹೇಳಬೇಡ. ಮುಂದಿನ ಪಂದ್ಯ ಯಾವತ್ತು ಎಂಬುದನ್ನು ಮಾತ್ರ ಬರೆ.

ಕೋಚ್ ಅವರ
ಅಪ್ಪ

ತಾ.ಕ.: ಟವೆಲ್ಲನ್ನು ಈ ಸಲ ಮನೆಯಲ್ಲೇ ಬಿಟ್ಟು ಬಂದಿದ್ದರು. ಒಗೆದು ಬಚ್ಚಲ ಗೂಟಕ್ಕೆ ನೇತುಹಾಕಿದ್ದೇನೆ. ಈಗ ಅದರಲ್ಲಿ ಮುಖ ಒರೆಸಿಕೊಳ್ಳುತ್ತಾರೆ. — ಅಮ್ಮ